ಲೋಲಕ್ಕ ಮತ್ತು ಚಪ್ಪಟೆ ಹೂವು

ಲೋಲಾಕ್ಷಿ ಕರ್ಕೇರರನ್ನು ಮದುವೆಗೆ ಕರೆದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಅವರು ಹಾಲ್‌ಗೆ ಬಂದು, ಮದುಮಕ್ಕಳಿಗೆ ಅಕ್ಕಿಕಾಳು ಹಾಕಿ, ಊಟದ ಸಾಲಿಗೆ ಹೋಗುವ ಮೊದಲು ಉಡುಗೊರೆಗಳನ್ನು ಪೇರಿಸಿಟ್ಟ ಮೇಜಿನ ಹತ್ತಿರ ಒಂದು ನಿಮಿಷ ನಿಲ್ಲುತ್ತಾರೆ. ಒಳಗೆ ಏನಿದೆ ಎಂಬ ಕುತೂಹಲ ಅವರಿಗಿಲ್ಲ. ಹೊರಗಿನ ಕಾಗದದ ಅಂಚನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿಕ್ಕುತ್ತಾರೆ. 'ನಲವತ್ತೆಂಟು' ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. ಪಕ್ಕದ್ದನ್ನು ಮುಟ್ಟಿ 'ಮೂವತ್ತೊಂಬತ್ತು' ಅನ್ನುತ್ತಾರೆ. ಒಮ್ಮೆ ಡೊಂಬಿವಲಿಯ ಒಂದು ಮದುವೆಯಲ್ಲಿ ವರನ ಸೋದರತ್ತೆ ಇದನ್ನು ಕೇಳಿಸಿಕೊಂಡು, ಈ ಹೆಂಗಸು ಉಡುಗೊರೆ ಲೆಕ್ಕ ಹಾಕುತ್ತಿದ್ದಾಳೆ, ಆದರೆ ಲೆಕ್ಕವೂ ಸರಿಯಾಗಿ ಬರುವುದಿಲ್ಲ, ಹಿಂದೆ ಹಿಂದೆ ಹೋಗುತ್ತಾಳೆ ಎಂದು ಎಲ್ಲರಿಗೂ ಹೇಳಿದರು. ಲೋಲಾಕ್ಷಿಯವರ ಗಂಡ ದಯಾನಂದರೇ ಹೋಗಿ ಸಮಾಧಾನ ಹೇಳಬೇಕಾಯಿತು. "ಹಾಗೆಂತ ಇಲ್ಲ ಮಾರಾಯ್ರೆ. ಅವಳ ಕೆಲಸವೇ ಅದು. ಅಭ್ಯಾಸ."

ಅವರ ಕೆಲಸ ಇಷ್ಟೇ. ಹಡಗಿನಲ್ಲಿ ಹೊರದೇಶದಿಂದ ಬರುವ ಪ್ರತಿಯೊಂದು ಸಾಮಾನಿಗೂ ಕಸ್ಟಮ್ಸ್‌ನ ದಪ್ಪ ಪುಸ್ತಕದಲ್ಲಿ ಒಂದು ಅಧ್ಯಾಯ, ಒಂದು ಅಂಕೆ ಉಂಟು. ಕಾಗದದ್ದು ನಲವತ್ತೆಂಟನೆಯ ಅಧ್ಯಾಯ, ಪ್ಲಾಸ್ಟಿಕ್ಕಿನದು ಮೂವತ್ತೊಂಬತ್ತು. ಸಾಮಾನು ಯಾವ ಅಂಕೆಗೆ ಸೇರುತ್ತದೆ ಎಂದು ಗೊತ್ತಾದ ಮೇಲೆಯೇ ಸುಂಕ ಎಷ್ಟೆಂದು ಗೊತ್ತಾಗುವುದು. ಆಮದು ಮಾಡುವ ವ್ಯಾಪಾರಿಗಳ ಪರವಾಗಿ ಈ ಅಂಕೆ ಹುಡುಕಿ, ಕಾಗದಪತ್ರ ಮಾಡಿ, ಸರಕು ಬಿಡಿಸಿಕೊಡುವ ಒಂದು ಸಣ್ಣ ಆಫೀಸು ಠಾಣೆಯ ನೌಪಾಡಾದಲ್ಲಿದೆ. ಕೆಳಗೆ ಕನ್ನಡಕದಂಗಡಿ, ಮೇಲೆ ಆಫೀಸು. ಅಲ್ಲಿ ಅಂಕೆ ಹುಡುಕುವವರು ಲೋಲಾಕ್ಷಿ. ಎಲ್ಲರ ಬಾಯಲ್ಲಿ ಲೋಲಕ್ಕ.

ಈ ಬೆರಳಿನ ವಿದ್ಯೆ ಅವರಿಗೆ ಬಂದದ್ದು ತಂದೆಯಿಂದ. ತಂದೆ ಚೆನ್ನಯ ಕಾಪು ಕಡೆಯವರು. ಠಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದರು. ಚೀಲದ ಬಾಯಿ ಬಿಚ್ಚದೆ, ಗೋಣಿಯ ಹೊರಗಿಂದಲೇ ಹಿಸುಕಿ ಇದು ಹಳೇ ಉದ್ದು, ಇದು ಹೊಸತು ಅನ್ನುತ್ತಿದ್ದರು. ಡೊಂಬಿವಲಿಯ ಚಾಳಿನ ಒಂದೂವರೆ ಕೋಣೆಯಲ್ಲಿ ಮಗಳನ್ನು ಕೂರಿಸಿಕೊಂಡು, ಕಣ್ಣು ಮುಚ್ಚಿಸಿ ಕೈಗೆ ಬೇಳೆ ಕೊಟ್ಟು ಯಾವುದೆಂದು ಹೇಳಿಸುವುದು ಅವರ ಭಾನುವಾರದ ಆಟ. ಮಗಳು ಕಲ್ಯಾಣದಲ್ಲಿ ಟೈಪಿಂಗ್ ಕಲಿತು ತೊಂಬತ್ತೆರಡರಲ್ಲಿ ನೌಪಾಡಾದ ಆಫೀಸಿಗೆ ಸೇರಿದಳು. ಆಫೀಸಿನ ಯಜಮಾನ ಜಯಶೀಲ ಬಂಗೇರ ಆಗಿನ್ನೂ ತರುಣ. ಒಂದು ಮೇಜು, ಒಂದು ಟೈಪ್‌ರೈಟರು, ಒಂದು ಸುಂಕದ ಪುಸ್ತಕ, ಇಷ್ಟೇ ಬಂಡವಾಳ. ಕೆಲಸವಿಲ್ಲದ ಹೊತ್ತಿನಲ್ಲಿ ಓದಲು ಬೇರೇನೂ ಸಿಗದೆ ಲೋಲಕ್ಕ ಆ ಪುಸ್ತಕವನ್ನೇ ಓದತೊಡಗಿದರು. ಓದುತ್ತ ಓದುತ್ತ ಅದರ ರುಚಿ ಹತ್ತಿತು. ಹಲ್ಲುಜ್ಜುವ ಬ್ರಶ್ಶೂ ಕಸ ಗುಡಿಸುವ ಪೊರಕೆಯೂ ಅದರಲ್ಲಿ ಒಂದೇ ಮನೆಯಲ್ಲಿ ಇರುವುದನ್ನು ಕಂಡು ಅವತ್ತಿಡೀ ನಕ್ಕಿದ್ದರು. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಮಾತ್ರ ಸ್ವಲ್ಪ ಕಷ್ಟವಾಯಿತು.

ಮೂರನೇ ಸಲಕ್ಕೆ ಕಸ್ಟಮ್ಸ್‌ನವರ ಪರೀಕ್ಷೆ ಪಾಸಾಗಿ, ಬಂದರಿನೊಳಗೆ ಹೋಗುವ ಕಾರ್ಡನ್ನು ಕೊರಳಿಗೆ ಹಾಕಿಕೊಂಡರು. ಮದುವೆಯಾಗಿ ಘಣಸೋಲಿಗೆ ಬಂದರು, ಮಗಳು ಮಾನಸಿ ಹುಟ್ಟಿದಳು, ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂತು. ಬೆಳಿಗ್ಗೆ ಘಣಸೋಲಿಯಿಂದ ಠಾಣೆಗೆ ಲೋಕಲ್, ಸಂಜೆ ಅದೇ ಲೋಕಲ್‌ನಲ್ಲಿ ಹಿಂದೆ. ಮೂವತ್ತಮೂರು ವರ್ಷದಲ್ಲಿ ಅವರು ಹಾಕಿದ ಅಂಕೆಯನ್ನು ಯಾರೂ ತಪ್ಪು ಅಂದಿರಲಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ; ಬೇರೆಯವರು ಹೇಳಿದರೆ ತಡೆಯುತ್ತಲೂ ಇರಲಿಲ್ಲ.

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ವಾರದಲ್ಲಿ ಹಿತೇಶ್ ಬಂದ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗ; ಅಪ್ಪನ ಸ್ಟೇಷನರಿ ಅಂಗಡಿಯನ್ನು ಸಗಟು ವ್ಯಾಪಾರಕ್ಕೆ ಬೆಳೆಸಿದವ. ದೀಪಾವಳಿಗೆಂದು ಚೀನಾದಿಂದ ಒಂದು ಕಂಟೇನರು ತರಿಸಿದ್ದ. ಹಡಗು ಇನ್ನೂ ದಾರಿಯಲ್ಲಿತ್ತು. ಮಾದರಿಯ ಡಬ್ಬವನ್ನು ಲೋಲಕ್ಕನ ಮೇಜಿನ ಮೇಲಿಟ್ಟು ಕುಳಿತ.

"ಉಡುಗೊರೆ ಕಟ್ಟುವ ಸಾಮಾನು ಅಂತ ಒಂದು ಲೈನ್ ಬರೆದುಬಿಡಿ ಅಕ್ಕ. ಸಬ್ ಏಕ್ ಹೀ ತೋ ಹೈ."

"ಹಾಗೆ ಒಂದು ಸಾಮಾನು ಪುಸ್ತಕದಲ್ಲೇ ಇಲ್ಲ ಹಿತೇಶ್. ನೀನು ಅದರಲ್ಲಿ ಎಂತ ಕಟ್ಟುತ್ತೀ ಅಂತ ಅವರು ಕೇಳುವುದಿಲ್ಲ. ಅದು ಎಂತದರಿಂದ ಆದದ್ದು ಅಂತ ಕೇಳುತ್ತಾರೆ."

ಡಬ್ಬ ಬಿಚ್ಚಿದರು. ಮೇಜು ತುಂಬ ಬಣ್ಣ ಹರಡಿಕೊಂಡಿತು. ಲೋಲಕ್ಕ ಒಂದೊಂದನ್ನೇ ಮುಟ್ಟಿ, ಎಳೆದು, ಮೂಲೆ ಹರಿದು ನೋಡಿ ಬೇರೆ ಬೇರೆ ಗುಂಪು ಮಾಡಿದರು. ಚಿತ್ತಾರದ ಕಾಗದ ಒಂದು ಕಡೆ. ಕಾಗದದಂತೆ ಕಂಡರೂ ಹರಿಯದೆ ಬರೀ ಹಿಗ್ಗಿದ ಹಾಳೆ ಪ್ಲಾಸ್ಟಿಕ್ಕಿನ ಕಡೆ. ಸ್ಯಾಟಿನ್ ಪಟ್ಟಿ ನೇಯ್ದದ್ದು, ಅದು ಜವಳಿ. ಆಮೇಲೆ, ಕತ್ತರಿಯ ಅಲಗಿನ ಮೇಲೆ ಎಳೆದರೆ ಸುರುಳಿಯಾಗುವ ಸಪೂರ ರಿಬ್ಬನ್ನಿನ ಉಂಡೆ. ಡ್ರಾವರಿನಿಂದ ಸ್ಕೇಲು ತೆಗೆದು ಅದರ ಅಗಲ ಅಳೆದರು.

"ಐದು ಮಿಲಿಮೀಟರು. ಇನ್‌ವಾಯ್ಸ್‌ನಲ್ಲೂ ಐದೇ ಉಂಟು. ಹಾಗಾದರೆ ಇದು ಜವಳಿ."

"ಅಕ್ಕ, ಇದು ಪ್ಲಾಸ್ಟಿಕ್ ಅಲ್ವಾ? ಸುಟ್ಟರೆ ವಾಸನೆ ಬರ್ತದೆ."

"ಇದೂ ಪ್ಲಾಸ್ಟಿಕ್ಕೇ. ಆದರೆ ಐದರ ಒಳಗಿದ್ದರೆ ಪುಸ್ತಕದಲ್ಲಿ ಜವಳಿ. ಐದು ದಾಟಿದರೆ ಪ್ಲಾಸ್ಟಿಕ್."

"ಇದನ್ನು ಬರೆದವರು ಯಾರು?"

"ಯಾರೋ ಏನೋ. ನನ್ನನ್ನು ಕೇಳಿ ಬರೆದದ್ದಲ್ಲ."

ಡಬ್ಬದ ತಳದಲ್ಲಿ ಇನ್ನೊಂದು ಕಟ್ಟು ಉಳಿದಿತ್ತು. ಗೇಣುದ್ದದ ಹೊಳೆಯುವ ಪಟ್ಟಿಗಳು, ಒಂದರ ಮೇಲೊಂದು ಚಪ್ಪಟೆಯಾಗಿ ಮಲಗಿದ್ದವು. ಪ್ರತಿ ಪಟ್ಟಿಯ ನಡುವೆ ಎರಡು ಸಣ್ಣ ದಾರ ಹಾದುಹೋಗಿತ್ತು. ದಾರ ಎಳೆದರೆ ಪಟ್ಟಿಯೆಲ್ಲ ಮುದುಡಿ ಹೂವಿನಂತೆ ಅರಳುತ್ತದೆ. ಉಡುಗೊರೆಯ ಮೇಲೆ ಅಂಟಿಸುವ ಹೂವು. ಹಿತೇಶ್ ಅದನ್ನು ರಿಬ್ಬನ್ ಎಂದು ಬರೆಯಬೇಕೆಂದ. ರಿಬ್ಬನ್ನಿಗೆ ಸುಂಕ ಕಡಿಮೆ. ಲೋಲಕ್ಕ ಹೂವು ಅಂದರು. ಹೂವಿಗೆ ಹೆಚ್ಚು.

"ಹೂವು ಎಲ್ಲಿದೆ ಅಕ್ಕ? ದಿಖಾವೋ. ಇದು ಚಪ್ಪಟೆ ಪಟ್ಟಿ."

"ಮಡಚಿಟ್ಟ ಕೊಡೆಯನ್ನು ಎಂತ ಅಂತ ಬರೆಯುತ್ತೀ? ಬಟ್ಟೆ ಸುತ್ತಿದ ಕೋಲು ಅಂತಲಾ?"

ಹಿತೇಶ್ ಸಹಾಯಕ್ಕೆಂದು ಜಯಶೀಲರ ಕಡೆ ನೋಡಿದ. ಅರವತ್ತು ದಾಟಿದ ಜಯಶೀಲರು ಕಿಟಕಿಯ ಬಳಿ ಪೇಪರು ಓದುತ್ತಿದ್ದರು. ತಲೆ ಎತ್ತದೆ, "ನನ್ನ ಮುಖ ನೋಡಬೇಡ. ನಾನು ಬರೀ ಆಫೀಸಿನ ಯಜಮಾನ" ಅಂದರು.

"ಕಲ್ಯಾಣದಲ್ಲಿ ಒಬ್ಬರಿದ್ದಾರೆ. ಎಲ್ಲ ಒಂದೇ ಲೈನ್‌ನಲ್ಲಿ ಬರೆದು ಕೊಡ್ತಾರಂತೆ" ಅಂದ ಹಿತೇಶ್.

"ಹೋಗು. ಅಡ್ಡಿಯಿಲ್ಲ. ಮೂರು ವರ್ಷದ ನಂತರ ನಿನ್ನ ಅಂಗಡಿಗೆ ನೋಟಿಸು ಬಂದಾಗ ಅವರ ಫೋನು ತಾಗುತ್ತದಾ ಅಂತ ನೋಡಿಕೋ" ಅಂದರು ಲೋಲಕ್ಕ.

ಹಿತೇಶ್ ಹೋಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಚಹಾ ಕುಡಿದ. ಲೋಲಕ್ಕ ಹೂವು ಅಂತಲೇ ಬರೆದರು.

ನವರಾತ್ರಿಯ ಎರಡನೇ ದಿನ ಕಂಟೇನರು ನ್ಹಾವಾ ಶೇವಾ ಬಂದರಿನಲ್ಲಿ ಇಳಿಯಿತು. ಎಲ್ಲ ಸರಕನ್ನೂ ಬಿಚ್ಚಿ ನೋಡುವುದಿಲ್ಲ. ಕಂಪ್ಯೂಟರು ಕೆಲವನ್ನು ಆರಿಸುತ್ತದೆ. ಇದನ್ನು ಆರಿಸಿತು. ಬಂದರಿನ ಹೊರಗಿನ ಒಂದು ಶೆಡ್ಡಿನಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿಸಿ ನೋಡಿದ್ದಾಯಿತು. ಮಧ್ಯಾಹ್ನ ಲೋಲಕ್ಕನಿಗೆ ಭೀಮು ಫೋನು ಮಾಡಿದ. ಭೀಮು ಆ ಶೆಡ್ಡಿನಲ್ಲಿ ಹಮಾಲರ ಮುಕಾದಮ್, ಅಂದರೆ ಮೇಸ್ತ್ರಿ. ಇಂಡಿ ಕಡೆಯವ, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾನೆ.

"ಅಕ್ಕಾರ, ನೀವು ಕಾಗದದಾಗ ಹೂವ ಅಂತ ಬರದೀರಿ. ಡಬ್ಬಿ ಒಳಗ ಹೂವ ಒಂದೂ ಇಲ್ರಿ. ಬರೇ ಪಟ್ಟಿ ಅದಾವ. ಬರದದ್ದು ಒಂದು, ಬಂದದ್ದು ಒಂದು ಅಂತ ಕಸ್ಟಮ್ಸ್ ಮೇಡಂ ಮಾಲು ನಿಲ್ಲಿಸ್ಯಾರ."

"ದಾರ ಎಳೆಯಿರಿ ಅಂತ ಹೇಳಲಿಲ್ಲವಾ?"

"ಮೇಡಂ ಹೊಸಬರ ಅದಾರ್ರಿ. ದಾರ ಎಳೀರಿ ಅಂತ ನಾ ಹ್ಯಾಂಗ ಹೇಳಲಿ?"

ಶೆಡ್ಡಿಗೆ ಹೋಗಿಬರುವ ಕೆಲಸ ಆಫೀಸಿನ ವಿಶಾಲ್‌ನದು. ಆದರೆ ಲೋಲಕ್ಕ ತಾವೇ ಹೋಗುತ್ತೇನೆ ಅಂದರು. ಎಲ್ಲ ಕಂಪ್ಯೂಟರಿನಲ್ಲೇ ಆಗುವ ಕಾಲ ಬಂದ ಮೇಲೆ ಅವರು ಆ ಕಡೆ ಹೋಗಿ ಹತ್ತು ಹನ್ನೆರಡು ವರ್ಷವಾಗಿತ್ತು. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಈ ಸುದ್ದಿ ಕೇಳಿ ಮಾನಸಿ ಹಿಂದಿಯಲ್ಲಿ, "ಮಮ್ಮಿ, ಹೂವು ತೋರಿಸೋಕೆ ಉರಣ್‌ವರೆಗೆ ಹೋಗ್ತೀಯಾ? ವಿಡಿಯೋ ಕಳಿಸಿದ್ರೆ ಸಾಲದಾ?" ಅಂದಳು. ಲೋಲಕ್ಕ ಅದಕ್ಕೆ, ಕಸ್ಟಮ್ಸ್‌ನವರು ವಿಡಿಯೋಗೆ ಸುಂಕ ಹಾಕುವುದಿಲ್ಲ ಮಗಾ ಎಂದು ತುಳುವಿನಲ್ಲಿ ಉತ್ತರ ಕೊಟ್ಟು, ನೀರುದೋಸೆಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟರು. ನೆರುಳಿನಲ್ಲಿ ಇಳಿದು ಉರಣ್ ಲೋಕಲ್ ಹಿಡಿದರು. ಹೊಸ ಗಾಡಿ, ಕೂರಲು ಬೇಕಾದಷ್ಟು ಜಾಗ. ಕಿಟಕಿಯಾಚೆ ಉಪ್ಪಿನ ಗದ್ದೆಯಂಥ ಬಯಲು, ನಡುನಡುವೆ ಕ್ರೇನು. ಸುಂಕದ ಪುಸ್ತಕದ ಎರಡನೇ ನಿಯಮವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರು. ಜೋಡಿಸದೆ ಬಿಡಿಯಾಗಿ ಬಂದ ಸಾಮಾನೂ ಜೋಡಿಸಿದ ಸಾಮಾನೇ. ಮಾತು ಬಾಯಿಪಾಠವಿತ್ತು. ಆ ಬಗ್ಗೆ ಅವರಿಗೆ ಯಾವ ಚಿಂತೆಯೂ ಇರಲಿಲ್ಲ.

ಶೆಡ್ಡಿನೊಳಗೆ ಹೊರಗಿಗಿಂತ ಹೆಚ್ಚು ಸೆಕೆ. ಹಿತೇಶನ ಪೆಟ್ಟಿಗೆಗಳು ಒಂದು ಮೂಲೆಯಲ್ಲಿ ಬಾಯಿ ತೆರೆದು ಕುಳಿತಿದ್ದವು. ಅಧಿಕಾರಿ ಮೇಡಂಗೆ ಹೆಚ್ಚೆಂದರೆ ಮೂವತ್ತು ವರ್ಷ. ಮರಾಠಿಯಲ್ಲಿ ಮಾತಾಡಿದರು, ಲೋಲಕ್ಕನೂ ಮರಾಠಿಯಲ್ಲೇ ಉತ್ತರಿಸಿದರು.

"ಇಷ್ಟು ಸಾವಿರ ಹೂವು ಅಂತ ಬರೆದಿದ್ದೀರಿ. ಎಲ್ಲಿ, ಒಂದು ತೋರಿಸಿ."

"ಈಗ ನೋಡಿ ಮೇಡಂ," ಎಂದು ಲೋಲಕ್ಕ ಒಂದು ಕೆಂಪು ಪಟ್ಟಿ ತೆಗೆದುಕೊಂಡು ದಾರ ಎಳೆದರು.

ಹೂವು ಅರಳಲಿಲ್ಲ. ಎರಡು ದಾರದಲ್ಲಿ ಒಂದೇ ಕೈಗೆ ಸಿಕ್ಕಿತ್ತು. ಪಟ್ಟಿ ಒಂದು ಬದಿಗೆ ಮುರುಟಿಕೊಂಡು, ಒಣಗಲು ಹಾಕಿ ಮರೆತ ಹಪ್ಪಳದಂತಾಯಿತು. ಲೋಲಕ್ಕ ಇನ್ನೊಂದು ತೆಗೆದುಕೊಂಡರು. ಈ ಸಲ ಎರಡೂ ದಾರ ಹಿಡಿದು ಬಲವಾಗಿ ಎಳೆದರು. ದಾರ ಪೂರ್ತಿ ಹೊರಗೆ ಬಂತು. ಒಂದು ಕೈಯಲ್ಲಿ ದಾರ, ಇನ್ನೊಂದು ಕೈಯಲ್ಲಿ ಪಟ್ಟಿ.

"ಈಗ ಇದು ಖಂಡಿತ ರಿಬ್ಬನ್" ಅಂದರು ಮೇಡಂ.

ಲೋಲಕ್ಕನಿಗೆ ಆ ಕ್ಷಣದಲ್ಲಿ ಹೊಳೆದದ್ದು ಒಂದೇ ಸಂಗತಿ. ಈ ಹೂವಿನ ಬಗ್ಗೆ ನಿಯಮ, ಟಿಪ್ಪಣಿ, ವಿವರಣೆ ಎಲ್ಲ ಓದಿದ್ದರು, ಹಿತೇಶನ ಜತೆ ಅರ್ಧ ಗಂಟೆ ಜಗಳವಾಡಿದ್ದರು. ದಾರವನ್ನು ಮಾತ್ರ ಒಮ್ಮೆಯೂ ಎಳೆದು ನೋಡಿರಲಿಲ್ಲ. ಮಾದರಿ ಹಾಳಾಗಬಾರದೆಂದು ಹಾಗೆಯೇ ಕವರಿನಲ್ಲಿಟ್ಟಿದ್ದರು.

ಮೂರನೆಯದಕ್ಕೆ ಕೈ ಹಾಕುವಾಗ ಭೀಮು ಮುಂದೆ ಬಂದ. "ಕೊಡ್ರಿ ಅಕ್ಕಾರ ಇಲ್ಲೆ." ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪಟ್ಟಿ ತೆಗೆದುಕೊಂಡ. ಎರಡು ದಾರವನ್ನು ಒಟ್ಟಿಗೆ ಒಂದು ಕೈಯಲ್ಲಿ ಬಿಗಿ ಹಿಡಿದ. ಎಳೆಯಲೇ ಇಲ್ಲ, ಇನ್ನೊಂದು ಕೈಯಿಂದ ಪಟ್ಟಿಯನ್ನು ಮೆಲ್ಲಗೆ ಕೆಳಗೆ ಸರಿಸಿದ. ಮಡಿಕೆ ಮಡಿಕೆಯಾಗಿ ಕೂಡಿಕೊಂಡು, ಅವನ ಒರಟು ಅಂಗೈಯಲ್ಲಿ ಹೊಳೆಯುವ ಕೆಂಪು ಹೂವೊಂದು ಎದ್ದು ಕುಳಿತಿತು.

"ಇದನ್ನು ಎಲ್ಲಿ ಕಲಿತೆ?" ಎಂದು ಮೇಡಂ ಹಿಂದಿಯಲ್ಲಿ ಕೇಳಿದರು.

ಭೀಮು ಹೇಳಿದ್ದನ್ನು ಲೋಲಕ್ಕ ಮರಾಠಿಗೆ ತಿರುಗಿಸಿದರು. ಚೀಲದ ಬಾಯಿ ಬಿಗಿಯುವುದೂ ಹೀಗೆಯೇ, ಲಾಡಿ ಎಳೆಯಬಾರದು, ಚೀಲವನ್ನು ಸರಿಸಬೇಕು ಎಂದು ಅವನು ಹೇಳಿದ್ದ.

ಮೇಡಂ ತಾವೂ ಒಂದು ತೆಗೆದುಕೊಂಡರು. ಬಂಗಾರ ಬಣ್ಣದ್ದು. ಮೊದಲ ಸಲಕ್ಕೇ ಅರಳಿತು. ಇನ್ನೊಂದು ತೆಗೆದುಕೊಂಡರು, ಕಾರಣವಿಲ್ಲದೆ. ಲೋಲಕ್ಕನೂ ಭೀಮುವಿನ ಕೈ ನೋಡಿ ಕಲಿತು ಎರಡು ಮಾಡಿದರು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಮೇಲೆ ಏಳು ಹೂವು ಸಾಲಾಗಿ ನಿಂತವು. ಫೋರ್ಕ್‌ಲಿಫ್ಟ್ ಓಡಿಸುವವನು ಗಾಡಿ ನಿಲ್ಲಿಸಿ ನೋಡತೊಡಗಿದಾಗ ಮೇಡಂಗೆ ತಾವು ಡ್ಯೂಟಿಯಲ್ಲಿರುವುದು ನೆನಪಾಯಿತು.

"ಸರಿ. ಆದರೆ ಸರಕು ಬಂದದ್ದು ಚಪ್ಪಟೆಯಾಗಿ. ಬಂದ ರೂಪವನ್ನೇ ನೋಡಬೇಕಲ್ಲ?"

ಇಲ್ಲಿ ಲೋಲಕ್ಕ ತಮ್ಮ ನೆಲಕ್ಕೆ ಕಾಲಿಟ್ಟರು. ಎರಡನೇ ನಿಯಮ ಹೇಳಿದರು. ದಾರ, ಮಡಿಕೆ, ಅಳತೆಗೆ ಕತ್ತರಿಸಿದ ಉದ್ದ ಎಲ್ಲವೂ ಹೂವಿಗಾಗಿಯೇ ಮಾಡಿದ್ದು, ಬೇರೆ ಯಾವುದಕ್ಕೂ ಇದು ಉಪಯೋಗವಿಲ್ಲ ಎಂದು ತೋರಿಸಿದರು. ಕೊನೆಗೆ, "ಮೇಡಂ, ಹೂವು ಅಂತ ಬರೆದರೆ ನಮ್ಮ ವ್ಯಾಪಾರಿಗೆ ಸುಂಕ ಹೆಚ್ಚಾಗುತ್ತದೆ. ಕಡಿಮೆ ಮಾಡಿಕೊಳ್ಳಲು ಸುಳ್ಳು ಹೇಳುವವರನ್ನು ನೀವು ನೋಡಿರಬಹುದು. ಹೆಚ್ಚು ಕಟ್ಟಲು ಸುಳ್ಳು ಹೇಳುವವರು ಯಾರಾದರೂ ಸಿಕ್ಕಿದ್ದಾರಾ?" ಅಂದರು.

ಮೇಡಂ ಫೋನಿನಲ್ಲಿ ಎರಡೂ ಅಂಕೆಯ ಸುಂಕ ತೆಗೆದು ನೋಡಿದರು. ಮತ್ತೊಮ್ಮೆ ನೋಡಿದರು. ನಕ್ಕುಬಿಟ್ಟರು. "ಹೂವು, ಒಪ್ಪಿದೆ" ಎಂದು ಬರೆದುಕೊಂಡರು.

ಲೋಲಕ್ಕನ ಎದೆ ಉಬ್ಬಿತು ಅಂದರೆ ತಪ್ಪಾಗಲಾರದು. ಅದು ಮೂರು ನಿಮಿಷ ಉಬ್ಬಿಯೇ ಇತ್ತು. ನಾಲ್ಕನೇ ನಿಮಿಷಕ್ಕೆ ಮೇಡಂ ಸುರುಳಿ ರಿಬ್ಬನ್ನಿನ ಪೆಟ್ಟಿಗೆಯ ಹತ್ತಿರ ಹೋಗಿ, ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದರು. ಬಂಗಾರ ಬಣ್ಣದ ಉಂಡೆ ಐದು ಮಿಲಿಮೀಟರು. ಹಸಿರು ಐದು. ಬೆಳ್ಳಿ ಬಣ್ಣದ್ದನ್ನು ಎರಡು ಸಲ ಅಳೆದರು. ಸ್ಕೇಲನ್ನು ಲೋಲಕ್ಕನ ಕಡೆ ಚಾಚಿದರು.

ಲೋಲಕ್ಕ ಕನ್ನಡಕ ಸರಿಮಾಡಿಕೊಂಡು ಅಳೆದರು. ಏಳು. ಬೇರೆ ಉಂಡೆ ತೆಗೆದು ಅಳೆದರು. ಅದೂ ಏಳು. ಬೆಳ್ಳಿಯದೆಲ್ಲ ಏಳು.

ಅವತ್ತು ನೌಪಾಡಾದಲ್ಲಿ ಅವರು ಅಳೆದದ್ದು ಒಂದೇ ಉಂಡೆ. ಉಳಿದದ್ದಕ್ಕೆ ಇನ್‌ವಾಯ್ಸ್‌ ನಂಬಿದ್ದರು. ಹಿತೇಶನಿಗೆ ಐದರ ಒಳಗೆ, ಐದರ ಹೊರಗೆ ಎಂದು ಪಾಠ ಹೇಳುವ ಭರದಲ್ಲಿ ಬೆಳ್ಳಿ ಉಂಡೆಯನ್ನು ಕೈಗೆತ್ತಿಕೊಂಡಿರಲೇ ಇಲ್ಲ. ವಾದ ಮಾಡಬೇಕೆಂದರೆ ದಾರಿಗಳಿದ್ದವು. ಸೆಕೆಗೆ ಹಿಗ್ಗಿದೆ ಅನ್ನಬಹುದು, ಉಂಡೆ ಸುತ್ತುವಾಗ ಒತ್ತಿ ಚಪ್ಪಟೆಯಾಗಿದೆ ಅನ್ನಬಹುದು. ಇಂಥ ಮಾತುಗಳನ್ನು ಬೇರೆ ಆಫೀಸಿನವರು ಹೇಳುವುದನ್ನು ಕೇಳಿ ಅವರು ಎಷ್ಟೋ ಸಲ ಮನಸ್ಸಿನಲ್ಲೇ ನಕ್ಕಿದ್ದರು.

"ಇದು ಪ್ಲಾಸ್ಟಿಕ್ ಮೇಡಂ. ತಪ್ಪು ನನ್ನದು" ಅಂದರು.

ಮೇಡಂ ಬರೆಯುತ್ತಿದ್ದ ಪೆನ್ನು ನಿಂತಿತು. "ಇಷ್ಟು ಬೇಗ ಒಪ್ಪಿದಿರಾ? ಹೂವಿಗೆ ಅಷ್ಟು ಜಗಳ ಮಾಡಿದಿರಿ."

"ಹೂವು ಹೂವೇ ಆಗಿತ್ತು. ಏಳು ಐದಾಗುವುದಿಲ್ಲ."

ಪೆಟ್ಟಿಗೆಯ ಮುಚ್ಚಳದ ಮೇಲೆ ಕಾಗದ ಇಟ್ಟುಕೊಂಡು, ಬೆಳ್ಳಿ ರಿಬ್ಬನ್ನನ್ನು ಬೇರೆ ಅಂಕೆಗೆ ಸೇರಿಸಿ ತಿದ್ದಿಕೊಳ್ಳಬೇಕೆಂದು ಅಲ್ಲೇ ಪತ್ರ ಬರೆದು ಕೊಟ್ಟರು. ಮೇಡಂ ಅದನ್ನು ಓದಿ, ಕೈತಪ್ಪು ಎಂದೇ ಮೇಲಿನವರಿಗೆ ಕಳಿಸಿದರು. ಇನ್ನೆರಡು ದಿನ ತಡವಾಗುತ್ತದೆ, ಅಷ್ಟೇ ಅಂದರು. ಭೀಮು ಲೋಲಕ್ಕನನ್ನು ರಿಕ್ಷಾದವರೆಗೆ ಬಿಡಲು ಬಂದ. ಅವನಿಗೆ ಆ ದಿನ ಬಹಳ ಖುಷಿಯಾಗಿತ್ತು. ಲೋಲಕ್ಕ ನೀರುದೋಸೆಯ ಡಬ್ಬಿಯನ್ನು ಅವನಿಗೇ ಕೊಟ್ಟುಬಿಟ್ಟರು. ತಮಗೆ ಹಸಿವಿಲ್ಲ ಅಂದರು.

ಮರಳಿ ಬರುವ ಲೋಕಲ್‌ನಲ್ಲಿ ಹಸಿವಾಯಿತು. ನಾಚಿಕೆಯೂ ಆಗುತ್ತಿತ್ತು, ನಗುವೂ ಬರುತ್ತಿತ್ತು. ಯಾವುದು ಹೆಚ್ಚು ಎಂದು ಗೊತ್ತಾಗದೆ ನೆರುಳಿನಲ್ಲಿ ಇಳಿದು ಎರಡು ವಡಾಪಾವ್ ತಿಂದರು.

ಆಫೀಸಿನಲ್ಲಿ ಜಯಶೀಲರು ಎಲ್ಲ ಕೇಳಿ ಪೇಪರು ಮಡಚಿಟ್ಟರು. "ಮೂವತ್ತಮೂರು ವರ್ಷದಲ್ಲಿ ನಿನ್ನದು ಇದು ಮೊದಲನೇ ತಪ್ಪು ಅಲ್ವಾ ಲೋಲಾಕ್ಷಿ?"

"ಮೊದಲನೇದು ಅಂತ ಹೇಗೆ ಹೇಳುವುದು ಅಣ್ಣ? ಗೊತ್ತಾದದ್ದು ಇದೇ ಮೊದಲು."

ಜಯಶೀಲರು ಮಡಚಿಟ್ಟ ಪೇಪರನ್ನು ಮತ್ತೆ ಬಿಡಿಸುತ್ತ, ಆ ಮಾತನ್ನು ಹೊರಗೆ ಎಲ್ಲೂ ಹೇಳಬೇಡ ಅಂದರು.

ಹಿತೇಶನಿಗೆ ತಾವೇ ಫೋನು ಮಾಡಿ ಹೇಳಿದರು. ಅವನು ಸಿಟ್ಟಾಗುತ್ತಾನೆ ಅಂದುಕೊಂಡಿದ್ದರು. ಅವನು, "ಅಕ್ಕ, ಏಳು ಮಿಲಿಮೀಟರ್ ಬಂತು ಅಂದ್ರೆ ನನಗೆ ಫಾಯ್ದಾನೇ ಅಲ್ವಾ, ರಿಬ್ಬನ್ ಜಾಸ್ತಿ ಬಂತು" ಅಂದ. ಆಮೇಲೆ, ಹೂವು ಮಾಡುವುದು ನನಗೂ ಬರುವುದಿಲ್ಲ, ಗಿರಾಕಿಗೆ ತೋರಿಸುವುದು ಹೇಗೆ ಎಂದು ಕೇಳಿದ. ಲೋಲಕ್ಕ ಫೋನಿನಲ್ಲೇ ಕಲಿಸಲು ನೋಡಿ, ಆಗದೆ, ಶನಿವಾರ ಡೊಂಬಿವಲಿಗೆ ಹೋಗಿ ಅಂಗಡಿಯ ನಾಲ್ಕು ಮಂದಿಗೂ ಕಲಿಸಿ ಬಂದರು. ಸರಕು ಶುಕ್ರವಾರವೇ ಬಿಡುಗಡೆಯಾಗಿತ್ತು. ದೀಪಾವಳಿಗೆ ಎಂಟು ದಿನ ಇರುವಾಗಲೇ ಹೂವೆಲ್ಲ ಖಾಲಿಯಾಯಿತಂತೆ. ಕಲ್ಯಾಣದವರ ಹೆಸರನ್ನು ಅವನು ಮತ್ತೆ ಎತ್ತಲಿಲ್ಲ.

ಈಗ ಲೋಲಕ್ಕ ತಿಂಗಳಿಗೊಮ್ಮೆ ಶೆಡ್ಡಿಗೆ ಹೋಗುತ್ತಾರೆ. ಹೋಗಲೇಬೇಕೆಂದಿಲ್ಲ, ವಿಶಾಲ್ ಇದ್ದಾನೆ. ಆದರೂ ಹೋಗುತ್ತಾರೆ. ಮೊನ್ನೆ ಹೋದಾಗ ಮೇಡಂ ಒಂದು ಕಾಗದದ ಗೂಡುದೀಪವನ್ನು ಮುಂದಿಟ್ಟುಕೊಂಡು ಕೂತಿದ್ದರು. ಒಳಗೆ ಬಲ್ಬು ಇಡುವ ಜಾಗ ಉಂಟು, ಬಲ್ಬು ಇಲ್ಲ. ಇದು ಕಾಗದದ ಸಾಮಾನೋ, ದೀಪವೋ, ಹಬ್ಬದ ಅಲಂಕಾರವೋ ಎಂದು ಇಬ್ಬರೂ ಮುಕ್ಕಾಲು ಗಂಟೆ ಚರ್ಚೆ ಮಾಡಿದರು. ಮೇಡಂ ಕಾಗದ ಅಂದರು. ಲೋಲಕ್ಕ ದೀಪ ಅಂದರು. ಭೀಮುವನ್ನು ಕೇಳಿದ್ದಕ್ಕೆ, "ಹಚ್ಚಿದ್ರ ದೀಪ ಆಕ್ಕೈತ್ರಿ, ಹಚ್ಚಲಿಲ್ಲಂದ್ರ ಧೂಳ ಕುಂಡ್ರತೈತಿ" ಅಂದ. ಪುಸ್ತಕದಲ್ಲಿ ಹಾಗೆ ಇಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.